ಕೊಳವೆಯ ತಣ್ಣನೆಯ ತುದಿ

ಹುಣಸೆಹಣ್ಣಿನ ಮೇಲೆ ಆರೋಪ ಹೊರಿಸಿದ ಕಂಪನಿಯನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ಕಂಡಿದ್ದೇನೆ. ಕಾಣುವುದೇನು, ಅಲ್ಲಿಯೇ ಕೆಲಸ ಮಾಡುತ್ತಿದ್ದೆ. ಮಾಸರಗಿಯ ಉಷ್ಣವಾಹಿನಿ ಕಂಪನಿಯ ಪ್ರಯೋಗಾಲಯದಲ್ಲಿ ನಾನು ರಸಾಯನಶಾಸ್ತ್ರಜ್ಞೆ. ಹೆಸರು ಶಶಿಕಲಾ ಬಾದವಾಡಗಿ. ಕುದಿಬಿಂದುವನ್ನು ದಾಟಿ ಎಷ್ಟೋ ಮೇಲೆ ಹೋದ, ಆದರೂ ಒತ್ತಡದ ಬಲದಿಂದ ಆವಿಯಾಗದೆ ಉಳಿದ ನೀರಿನಲ್ಲಿ ಸಾವಯವ ಆಮ್ಲಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಅಳೆಯುವುದು ನನ್ನ ಕಸುಬು. ಆಮ್ಲಗಳ ನಡತೆ ನನಗೆ ಎಂದೂ ಸಿಟ್ಟು ತರಿಸಿರಲಿಲ್ಲ. ಅವು ಪಾಪ, ತಮ್ಮ ನಿಯಮ ಬಿಟ್ಟು ಕದಲುವುದಿಲ್ಲ. ಸಿಟ್ಟು ತರಿಸಿದವರು ಮನುಷ್ಯರು.

ಮಾಸರಗಿಯಲ್ಲಿ ಆಗ ಯಾರ ಮನೆಯಲ್ಲೂ ಗ್ಯಾಸ್ ಸಿಲಿಂಡರ್ ಇರಲಿಲ್ಲ. ಸೌದೆಯೂ ಇಲ್ಲ, ಹೊಗೆಯೂ ಇಲ್ಲ. ಊರ ಹೊರಗಿನ ಸ್ಥಾವರದಲ್ಲಿ ಆಳೆತ್ತರದ ಉಕ್ಕಿನ ಪಾತ್ರೆಗಳಿದ್ದವು. ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಿಂದ ಬರುವ, ಹೊಳೆಗೆ ಬಿಟ್ಟರೆ ಮೀನು ಸಾಯುವ ಕಂದು ನೀರನ್ನು ಆ ಪಾತ್ರೆಗಳಿಗೆ ತುಂಬಿ, ಭಾರೀ ಒತ್ತಡದಲ್ಲಿ ಕಾಯಿಸಿ, ಆಮ್ಲಜನಕ ಊದುತ್ತಿದ್ದರು. ಕೊಳಕೆಲ್ಲ ಆ ನೀರಿನಲ್ಲೇ ಉರಿಯಿಲ್ಲದೆ ಸುಟ್ಟುಹೋಗಿ ಶಾಖ ಕೊಡುತ್ತಿತ್ತು. ಆ ಬಿಸಿನೀರು ದಪ್ಪ ಉಕ್ಕಿನ ಕೊಳವೆಯಲ್ಲಿ ಉಂಗುರದಂತೆ ಊರನ್ನು ಸುತ್ತಿ ಸ್ಥಾವರಕ್ಕೆ ಮರಳುತ್ತಿತ್ತು. ಪ್ರತಿ ಅಡುಗೆಮನೆಯ ಕಟ್ಟೆಯ ಮೇಲೆ ಆ ಕೊಳವೆಯ ಒಂದು ಕವಲು, ಅದರ ಮೇಲೊಂದು ತಾಮ್ರದ ತಲೆ. ಹಂಚು ಇಟ್ಟರೆ ಕಾಯುತ್ತದೆ. ಜನ ಅದಕ್ಕೆ ಪೈಪಿನ ಒಲೆ ಎನ್ನುತ್ತಿದ್ದರು. ದೇಶದಲ್ಲೇ ಮೊದಲು ಎಂದು ಕಂಪನಿ ಎದೆ ತಟ್ಟಿಕೊಳ್ಳುತ್ತಿತ್ತು, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಬಾಡಿಗೆಗಿದ್ದದ್ದು ನೇಕಾರ ಓಣಿಯಲ್ಲಿ, ಕಸ್ತೂರೆವ್ವನ ಮನೆಯ ಮಾಳಿಗೆಯ ಕೋಣೆಯಲ್ಲಿ. ಕಸ್ತೂರೆವ್ವ ಗಂಡ ಸತ್ತ ಮೇಲೆ ಒಬ್ಬಳೇ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ ಹೆಂಗಸು. ಮಾತು ಕಡಿಮೆ, ಲಾಳಿ ಎಸೆಯುವ ಕೈ ಮಾತ್ರ ಭಾರೀ ಚುರುಕು. ನನಗೆ ಮುಂಜಾನೆ ರೊಟ್ಟಿ ಅವಳ ಕೈಯದ್ದೇ. ಊಟಕ್ಕೆ ಕೂತಾಗಲೆಲ್ಲ ಅವಳದೊಂದು ದೂರು ಇದ್ದೇ ಇರುತ್ತಿತ್ತು.

"ಬಾಯಾರ, ನಿಮ್ಮ ಕಂಪನಿ ನೀರು ಇತ್ತಿತ್ಲಾಗ ಭಾಳ ಜಡ ಆಗೇತ್ರಿ. ಹಂಚು ಕಾಯೂದ ಇಲ್ಲ. ರೊಟ್ಟಿ ಉಬ್ಬಂಗಿಲ್ಲ, ಹಪ್ಪಳ ಆಗಿ ಕುಂದರ್ತಾವ."

"ಹೇಳ್ತೀನಿ ಕಸ್ತೂರೆವ್ವ, ಆಫೀಸಿನ್ಯಾಗ."

"ಆಫೀಸರ್ ಕಾಲನ್ಯಾಗ ನನ್ನ ಮಗಳು ಕೆಲಸಕ್ಕ ಹೊಕ್ಕಾಳಲ್ರೀ, ಅಲ್ಲಿ ಹಂಚಿನ ಮ್ಯಾಲ ನೀರು ಸಿಡಿಸಿದ್ರ ಚುಂಯ್ ಅಂತೈತಂತ."

ನಾನು ಹೇಳಿದೆ. ಕಂಪನಿಯವರು ಓಣಿಯ ಮೂಲೆಗೆ ಒಂದು ಹೆಚ್ಚುವರಿ ಪಂಪು ತಂದು ಕೂರಿಸಿ, ಒತ್ತಡ ಏರಿಸಿ ಹೋದರು. ರೊಟ್ಟಿ ಸ್ವಲ್ಪ ಉಬ್ಬತೊಡಗಿತು. ಅದಾಗಿ ಬಂದ ಅಮಾವಾಸ್ಯೆಯ ಮರುದಿನ ಮುಂಜಾನೆ, ನಾನು ಮಾಳಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಗ, ಕೆಳಗೆ ಪಟಾಕಿ ಸಿಡಿದಂತಾಯಿತು. ಇಳಿದು ಬರುವಷ್ಟರಲ್ಲಿ ಅಡುಗೆಮನೆ ತುಂಬ ಬಿಳಿ ಉಗಿ. ಕಸ್ತೂರೆವ್ವ ಬಾಗಿಲಲ್ಲಿ ಬಿದ್ದಿದ್ದಳು. ಬಲಗೈ ಮೊಣಕೈವರೆಗೆ ಬೆಂದುಹೋಗಿತ್ತು. ಕಟ್ಟೆಯ ಕೆಳಗೆ ಕೊಳವೆ ತಿರುಗುವ ಬೆಂಡಿನಲ್ಲಿ ತೂತಾಗಿತ್ತು.

ಅವಳನ್ನು ಆಸ್ಪತ್ರೆಗೆ ಸೇರಿಸಿ ನಾನು ಮರಳುವಷ್ಟರಲ್ಲಿ ಕಂಪನಿಯವರು ಆ ಬೆಂಡನ್ನು ಕತ್ತರಿಸಿ ಒಯ್ದು ಹೊಸದನ್ನು ಬೆಸೆದಾಗಿತ್ತು. ತಾಮ್ರದ ತಲೆಯನ್ನೂ ಬಿಚ್ಚಿಕೊಂಡು ಹೋಗಿದ್ದರು. ನಮ್ಮ ಕಂಪನಿ ಇಷ್ಟು ಚುರುಕಾಗಿ ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿರಲಿಲ್ಲ.

ಮುಖ್ಯ ಎಂಜಿನಿಯರ್ ಮುರನಾಳರು ಮರುದಿನವೇ ಕಾರಣವನ್ನು ಪತ್ತೆ ಮಾಡಿಬಿಟ್ಟರು. ನೇಕಾರ ಓಣಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ನಡೆಸುವುದಿಲ್ಲ. ಮಗ್ಗ ಒರೆಸಿ, ವಿಭೂತಿ ಹಚ್ಚಿ, ಪೂಜೆ ಮಾಡುತ್ತಾರೆ. ಪೈಪಿನ ಒಲೆ ಬಂದ ಮೇಲೆ ಅದಕ್ಕೂ ಪೂಜೆ. ಹೆಂಗಸರು ತಾಮ್ರದ ತಲೆಯನ್ನು ಹುಣಸೆಹುಳಿ ಹಚ್ಚಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ, ಕುಂಕುಮ ಇಡುತ್ತಾರೆ. ಅನ್ನ ಬೇಯಿಸುವ ಒಲೆಗೆ ಅಷ್ಟು ಮಾಡದೆ ಇರುವುದುಂಟೆ? ಮುರನಾಳರು ಅದನ್ನೇ ಹಿಡಿದುಕೊಂಡರು. ಹುಳಿ ಎಂದರೆ ಆಮ್ಲ, ಆಮ್ಲ ಎಂದರೆ ಸವೆತ, ಆದ್ದರಿಂದ ತಪ್ಪು ಗ್ರಾಹಕಳದ್ದು. ಓಣಿಯ ತುಂಬ ಧ್ವನಿವರ್ಧಕದ ಆಟೋ ಓಡಿತು: ಒಲೆಗೆ ಹುಣಸೆಹುಳಿ ಹಚ್ಚಬೇಡಿ, ನಿಮ್ಮ ಅಜ್ಞಾನದಿಂದ ನಿಮ್ಮ ಅಕ್ಕಪಕ್ಕದವರ ಜೀವಕ್ಕೆ ಅಪಾಯ ತರಬೇಡಿ.

ಆ 'ಅಜ್ಞಾನ' ಎಂಬ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ತೂತು ಬಿದ್ದದ್ದು ತಾಮ್ರದ ತಲೆಗಲ್ಲ, ಕಟ್ಟೆಯ ಕೆಳಗಿನ ಉಕ್ಕಿನ ಬೆಂಡಿಗೆ. ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ, ಹುಣಸೆಹುಳಿಯೂ ಹೋಗುವುದಿಲ್ಲ. ಹಾಗಾದರೆ ತಿಂದದ್ದು ಒಳಗೆ ಹರಿಯುವ ನೀರೇ. ಆದರೆ ಸ್ಥಾವರದಿಂದ ಹೊರಡುವ ನೀರು ಸೌಮ್ಯವೆಂದು ಅಳತೆ ಹೇಳುತ್ತಿತ್ತು. ಆ ಅಳತೆಯಲ್ಲಿ ಮೋಸವಿರಲಿಲ್ಲ, ಅಳೆದ ಜಾಗದಲ್ಲಿತ್ತು.

ಆಮ್ಲದ ಕಚ್ಚುವ ಗುಣವಿರುವುದು ಅದು ನೀರಿಗೆ ಬಿಟ್ಟುಕೊಡುವ ಹೈಡ್ರೋಜನ್ ಅಯಾನಿನಲ್ಲಿ. ನಮ್ಮ ಕೊಡದಲ್ಲಿರುವ ನೀರು ವಿದ್ಯುದಾವೇಶದ ಕಣಗಳನ್ನು ಸುತ್ತುವರಿದು ಒಂದರಿಂದೊಂದು ದೂರ ಇಡಬಲ್ಲದು. ಮುನ್ನೂರು ಡಿಗ್ರಿಯ ಹತ್ತಿರ ಹೋದ ನೀರಿಗೆ ಆ ಶಕ್ತಿ ಕುಂದಿಹೋಗುತ್ತದೆ. ಆಗ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ, ತನ್ನ ಹೈಡ್ರೋಜನನ್ನು ಜಿಪುಣನಂತೆ ಮುಷ್ಟಿಯಲ್ಲಿ ಬಿಗಿಹಿಡಿದು ಕೂರುತ್ತದೆ. ಅಳೆದರೆ ಆಮ್ಲವೇ ಇಲ್ಲವೇನೋ ಎನ್ನುವಷ್ಟು ಸಾಧು. ಅದೇ ನೀರು ಹರಿಯುತ್ತಾ ತಣಿದಂತೆಲ್ಲ ಮುಷ್ಟಿ ಸಡಿಲುತ್ತದೆ. ಒತ್ತಡ ಏರಿಸಿದರೆ ಇನ್ನೂ ತುಸು ಸಡಿಲುತ್ತದೆ. ನಡುವೆ ಒಂದು ಕೆಟ್ಟ ಜಾಗವಿದೆ: ಹುಳಿ ಕಚ್ಚುವಷ್ಟು ತಣ್ಣಗೆ, ಕಚ್ಚಿದ್ದು ಬೇಗ ಬೇಗ ಸವೆಯುವಷ್ಟು ಬಿಸಿ. ಉಂಗುರದಲ್ಲಿ ಆ ಜಾಗ, ನೀರು ತಣಿದು ಕೊನೆಗೆ ತಲುಪುವ ನೇಕಾರ ಓಣಿ. ಆ ಜಡ ನೀರು ಏನೆಂದು ಕಸ್ತೂರೆವ್ವನ ಹಪ್ಪಳದಂಥ ರೊಟ್ಟಿ ತಿನ್ನುವಾಗಲೇ ನನಗೆ ಹೊಳೆಯಬೇಕಿತ್ತು.

ಹಾಗಾದರೆ ನೀರಿನಲ್ಲಿ ಅಷ್ಟು ಹುಳಿ ಉಳಿದದ್ದೇಕೆ? ಇದನ್ನು ತಿಳಿಯಲು ಕಂಟ್ರೋಲ್ ರೂಮಿಗೆ ಹೋದೆ. ಅಲ್ಲಿ ನದಾಫ ಕೂತಿದ್ದರು, ಸ್ಥಾವರ ಶುರುವಾದ ದಿನದಿಂದ ಪರದೆಗಳ ಮುಂದೆ ಕೂತು ಕಣ್ಣು ಕೆಂಪಾಗಿಸಿಕೊಂಡವರು.

"ಪಾತ್ರೆಯೊಳಗ ನೀರು ಎಷ್ಟೊತ್ತು ನಿಲ್ತೈತ್ರಿ ಈಗ?"

"ಮೊದಲಿನ ಅರ್ಧನೂ ನಿಲ್ಲಂಗಿಲ್ಲ ಮೇಡಮ್. ಡಿಸ್ಟಿಲರಿ ಎರಡು ಆದ್ವಲ್ಲ, ಪಾತ್ರಿ ಅಷ್ಟ ಅದಾವ. ಒಂದು ಕಡೆ ಹಾಕು, ಒಂದು ಕಡೆ ತೆಗಿ, ಅದ ನಡದೈತಿ."

ಅಲ್ಲಿಗೆ ತಿಳಿಯಿತು. ಡಿಸ್ಟಿಲರಿಯ ಕೊಳಕಿನಲ್ಲಿ ಎಲ್ಲಕ್ಕಿಂತ ಹಟಮಾರಿಯೆಂದರೆ ಈ ಅಸಿಟಿಕ್ ಆಮ್ಲವೇ. ಉಳಿದದ್ದೆಲ್ಲ ಬೇಗ ಸುಟ್ಟುಹೋಗುತ್ತದೆ, ಸುಡುವ ದಾರಿಯಲ್ಲಿ ಕೊನೆಗೆ ಇದಾಗಿ ನಿಲ್ಲುತ್ತದೆ, ಇದು ಸುಡಲು ಸಾವಕಾಶ ಬೇಕು. ಆ ಸಾವಕಾಶವನ್ನೇ ಕಂಪನಿ ಕತ್ತರಿಸಿತ್ತು.

"ಅಲ್ರೀ ನದಾಫ, ನೀರು ಯಾವಾಗ್ಲೂ ಮೊದಲು ಆಫೀಸರ್ ಕಾಲನಿಗೇ ಹೋಗಿ ಕಡೀಕ ಓಣಿಗೆ ಯಾಕ ಬರ್ತೈತಿ? ಉಂಗುರ ಅಂದ ಮ್ಯಾಲ ಎರಡೂ ಕಡೆ ಹರೀಬೇಕಲ್ಲ?"

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಹರೀತಿತ್ತಲ್ರೀ. ಕಟ್ಟುವಾಗ ಹಂಗ ಕಟ್ಯಾರ. ಒಂದು ತಿಂಗಳು ಈ ಕಡಿಂದ, ಒಂದು ತಿಂಗಳು ಆ ಕಡಿಂದ. ಎರಡು ವಾಲ್ವ್ ತಿರುವಿದ್ರ ಮುಗೀತು, ಇಲ್ಲೇ ಕುಂತು ತಿರುವಬಹುದು. ಮೊದಲನೇ ವರ್ಷ ನಿಮ್ಮ ಓಣಿ ಪಾಳಿ ಬಂದಾಗ ಕಾಲನ್ಯಾಗ ಒಲಿ ಜಡ ಆದ್ವು. ಸಾಹೇಬರ ಮನ್ಯಾಗ ದ್ವಾಸಿ ಹಂಚಿಗೆ ಹತ್ತಾಕತ್ವು ಅಂತ. ಅವತ್ತ ಆರ್ಡರ್ ಆತು, ಇನ್ನ ಮ್ಯಾಲ ತಿರುವಬ್ಯಾಡ ಅಂತ."

ಓದುಗರೇ, ದೋಸೆ ಹಂಚಿಗೆ ಅಂಟಿತು ಎಂಬ ಕಾರಣಕ್ಕೆ ಒಂದು ಓಣಿಯನ್ನು ಶಾಶ್ವತವಾಗಿ ಕೊಳವೆಯ ಕೊನೆಗೆ ನೂಕಿದರು. ಆಗ ಹುಳಿಯ ಯೋಚನೆ ಯಾರಿಗೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಹುಳಿ ಬಂದ ಮೇಲೆ?

ಪ್ರಯೋಗಾಲಯದ ಒತ್ತಡದ ಪಾತ್ರೆಯಲ್ಲಿ ಉಂಗುರದ ನೀರನ್ನೇ ತುಂಬಿ, ಕೊಳವೆಯದೇ ಉಕ್ಕಿನ ತುಣುಕು ಮುಳುಗಿಸಿ, ಒಂದೊಂದು ತಾಪದಲ್ಲೂ ನೋಡಿದೆ. ಸ್ಥಾವರದ ಬಾಯಿಯ ತಾಪದಲ್ಲಿ ತುಣುಕು ಹೆಚ್ಚುಕಡಿಮೆ ಹಾಗೇ ಇತ್ತು. ಓಣಿಯ ತಾಪದಲ್ಲಿ, ಓಣಿಯ ಪಂಪಿನ ಒತ್ತಡದಲ್ಲಿ, ಅದರ ಮೈಮೇಲೆ ಸಿಡುಬಿನಂಥ ಗುಳಿಗಳು ಬಿದ್ದವು. ಆ ತುಣುಕನ್ನು ಮುರನಾಳರ ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು. ನಾನು ವಿವರಿಸುತ್ತಾ ಹೋದಂತೆ ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಆ ಮನುಷ್ಯ ಮೊದಲೇ ಕೇಳಿಕೊಂಡು ಮುಗಿಸಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತು.

"ಶಶಿಕಲಾ ಮೇಡಮ್, ನಿಮ್ಮ ಪುಟ್ಟ ಪಾತ್ರಿ ಬ್ಯಾರೆ, ಊರು ಬ್ಯಾರೆ," ಎಂದರು. "ಸರ್ಕಾರದ ವಿಚಾರಣೆ ನಡೆದೈತಿ. ಈಗ ಇಂಥಾದ್ದೆಲ್ಲ ಹೊರಗ ಹಾಕಿ ಜನರನ್ನ ಹೆದರಿಸಬ್ಯಾಡ್ರಿ."

"ಅಲ್ಲಿವರೆಗೂ ಓಣಿ ಲೈನ್ ಆದ್ರೂ ಬಂದ್ ಮಾಡ್ರಿ ಸರ್. ಇನ್ನೊಂದು ಮನಿ ಸಿಡಿದ್ರ ಏನ್ ಮಾಡ್ತೀರಿ?"

"ಉಂಗುರ ಐತ್ರಿ ಅದು. ಬಂದ್ ಮಾಡಿದ್ರ ಇಡೀ ಊರಿಗೇ ಬಂದ್. ಯಾರದೋ ಒಂದು ಕೈ ಸುಟ್ಟೈತಂತ ಎಲ್ಲಾರ ಒಲಿ ಆರಿಸಾಕ ಆಗ್ತೈತೇನು?"

ಆ ತುಣುಕನ್ನು ಅವರು ತಮ್ಮ ಡ್ರಾಯರಿಗೆ ಹಾಕಿಕೊಂಡರು. ಯಾರದೋ ಒಂದು ಕೈ! ಎದುರಿಗಿದ್ದ ಗಾಜಿನ ಪೇಪರ್‌ವೇಟ್ ಎತ್ತಿ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅದೊಂದು ಕೊರಗು ನನಗೆ ಇನ್ನೂ ಇದೆ.

ಇತ್ತ ಮನೆಯಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ಆಟೋದ ಧ್ವನಿವರ್ಧಕವನ್ನು ಜನ ನಂಬಿಬಿಟ್ಟಿದ್ದರು. ಯಾಕೆ ನಂಬಬಾರದು, ಓದಿದವರು ಹೇಳಿದ್ದಲ್ಲವೇ? ಓಣಿಯ ಹೆಂಗಸರು ಹುಣಸೆಹುಳಿ ಬಿಟ್ಟರು. ಕೆಲವರು ಸಾರಿನ ಪಾತ್ರೆಯನ್ನೂ ಒಲೆಯ ಮೇಲಿಡಲು ಹೆದರಿ, ಹುಳಿ ಹಿಂಡದ ಸಪ್ಪೆ ಬೇಳೆ ಕುಡಿದರು. ಅಮಾವಾಸ್ಯೆ ಬಂದಾಗ ಕಿಲುಬು ಹಿಡಿದ ತಾಮ್ರಕ್ಕೇ ಕುಂಕುಮ ಇಟ್ಟರು. ಮತ್ತು ಕಸ್ತೂರೆವ್ವನ ಮನೆಗೆ ಬರುವುದನ್ನು ಕಡಿಮೆ ಮಾಡಿದರು. ಎದುರುಮನೆಯವಳು ನನ್ನ ಕಿವಿಗೆ ಬೀಳುವಂತೆಯೇ ಅಂದಳು: "ಅಕೀದು ಅತೀ ಮಡಿ. ಒಲಿ ತಿಕ್ಕಿ ತಿಕ್ಕಿ ತೂತು ಮಾಡಿದ್ಲು. ನಮ್ಮ ಮನಿ ಸಿಡಿಲಿಲ್ಲಲ್ಲ, ಪುಣ್ಯ."

ಕಸ್ತೂರೆವ್ವ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮಗ್ಗದ ಕುಣಿಯ ಅಂಚಿನಲ್ಲಿ ಕೂತಿರುತ್ತಿದ್ದಳು. ಅರ್ಧಕ್ಕೆ ನಿಂತ ಸೀರೆ ಹಾಗೇ ಮಗ್ಗದ ಹಾಸುನೂಲಿನಲ್ಲಿತ್ತು.

"ನಾ ಆವತ್ತ ಹೆಚ್ಚಿಗೇ ತಿಕ್ಕಿದ್ದೆ ಬಾಯಾರ," ಎಂದಳು ಒಂದು ದಿನ. "ಮಗಳು ಬಸರಿ ಅದಾಳಂತ ಸುದ್ದಿ ಬಂದಿತ್ತು. ಖುಷಿಯಾಗಿ ಎರಡು ಸಲ ಹುಳಿ ಹಚ್ಚಿ ತಿಕ್ಕಿದೆ. ನನ್ನ ಕೈ ನಾನ ಸುಟಗೊಂಡೆ ನೋಡ್ರಿ."

ತೂತು ಇದ್ದದ್ದು ಬೇರೆ ಕಡೆ, ತಿಂದದ್ದು ನೀರು, ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಅವಳು ತಲೆಯಾಡಿಸಿ ಕಣ್ಣೊರೆಸಿಕೊಂಡಳು. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳು.

ವಿಚಾರಣೆಯ ಬಹಿರಂಗ ಸಭೆ ನೇಕಾರ ಸಮುದಾಯ ಭವನದಲ್ಲಿ ನಡೆಯಿತು. ಅಧ್ಯಕ್ಷರು ಧಾರವಾಡದಿಂದ ಬಂದ ನಿವೃತ್ತ ನ್ಯಾಯಾಧೀಶರು, ದೊಡ್ಡವಾಡ ಎಂದು. ವಯಸ್ಸಾದವರು, ಕಿವಿ ಸ್ವಲ್ಪ ಮಂದ, ಬುದ್ಧಿ ಮಂದವಲ್ಲ. ಮುಂದಿನ ಸಾಲಿನಲ್ಲಿ ಕಂಪನಿಯ ಅಧಿಕಾರಿಗಳು, ಹಿಂದೆ ಓಣಿಯ ಜನ. ಕಸ್ತೂರೆವ್ವ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಆ ದಿನ ಅವಳ ತಪ್ಪೆಂದು ತೀರ್ಮಾನವಾದರೆ ಕೊಳವೆಗೆ ಯಾರೂ ಕೈ ಹಚ್ಚುವುದಿಲ್ಲ, ಓಣಿಯ ಉಳಿದ ಬೆಂಡುಗಳು ಒಳಗೊಳಗೇ ಸವೆಯುತ್ತಾ ತಮ್ಮ ಸರದಿ ಕಾಯುತ್ತವೆ.

ಮುರನಾಳರು ಕಸ್ತೂರೆವ್ವನ ಮನೆಯಿಂದ ಬಿಚ್ಚಿಕೊಂಡು ಹೋಗಿದ್ದ, ಈಗ ಕಿಲುಬು ಹಿಡಿದ ತಾಮ್ರದ ತಲೆಯನ್ನು ಎತ್ತಿ ಹಿಡಿದು ತೋರಿಸಿದರು. ಸ್ಥಾವರದ ಬಾಯಿಯ ಅಳತೆಗಳನ್ನು ಪರದೆಯ ಮೇಲೆ ಮೂಡಿಸಿದರು. ನೀರು ಸೌಮ್ಯ, ಇಡೀ ಉಂಗುರದಲ್ಲಿ ಒಂದೇ ನೀರು, ಆಫೀಸರ್ ಕಾಲನಿಯಲ್ಲಿ ಒಂದು ಹನಿಯೂ ಸೋರಿಲ್ಲ, ಸೋರಿದ್ದು ಹುಳಿ ಹಚ್ಚುವವರ ಮನೆಯಲ್ಲಿ ಮಾತ್ರ. ಕೇಳಲು ಬಹಳ ಅಚ್ಚುಕಟ್ಟಾಗಿತ್ತು. ಅಧ್ಯಕ್ಷರು ತಲೆದೂಗಿದರು.

ನನ್ನ ಸರದಿ ಬಂದಾಗ ನಾನು ಮುಷ್ಟಿಯ ಕಥೆ ಹೇಳಿದೆ, ಗುಳಿಗಳ ಕಥೆ ಹೇಳಿದೆ. ಕಂಪನಿಯವರು ಬೆಂಗಳೂರಿನಿಂದ ಕರೆಸಿದ್ದ ತಜ್ಞರೊಬ್ಬರು ಎದ್ದು, ಅದು ಕೇವಲ ಪ್ರಯೋಗಾಲಯದ ಊಹೆ, ತುಣುಕು ಎಲ್ಲಿದೆ ತೋರಿಸಿ ಎಂದರು. ತುಣುಕು ಮುರನಾಳರ ಡ್ರಾಯರಿನಲ್ಲಿತ್ತು, ಹಾಗೆಂದರೆ ನಂಬುವವರು ಯಾರು? ಬೆಂಡು ಎಲ್ಲಿ ಎಂದು ನಾನು ಕೇಳಿದೆ. ಗುಜರಿಗೆ ಹೋಯಿತು ಎಂದರು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನಾನು ಸೋತೆ ಎಂದು ನನಗೇ ಅನ್ನಿಸಿತು. ಸಿಟ್ಟಿನಿಂದ ಕಣ್ಣು ಮಂಜಾಯಿತು. ಆ ಸಿಟ್ಟಿನಲ್ಲೇ ಆ ಮಾತು ಬಾಯಿಗೆ ಬಂತು.

"ಸರ್, ನಂದೊಂದು ಸಣ್ಣ ಸೂಚನೆ ಐತಿ," ಎಂದೆ ಅಧ್ಯಕ್ಷರಿಗೆ. "ಈ ಉಂಗುರದಾಗ ನೀರು ಹಿಂದಮುಂದ ತಿರುಗಿಸಾಕ ಬರ್ತೈತಿ. ಕಂಪನಿಯವರು ಹೇಳೋದು ಖರೇ ಇದ್ರ, ತಪ್ಪು ಹುಣಸೆಹುಳೀದು, ನೀರಿಂದಲ್ಲ. ಆಫೀಸರ್ ಕಾಲನ್ಯಾಗ ಯಾರೂ ಹುಳಿ ಹಚ್ಚಂಗಿಲ್ಲ. ಅಂದ ಮ್ಯಾಲ ಇವತ್ತಿಂದ ನೀರನ್ನ ಮೊದಲು ನೇಕಾರ ಓಣಿಗೆ ಬಿಟ್ಟು, ಕಡೀಕ ಕಾಲನಿಗೆ ಬಿಡ್ರಿ. ಆ ಹೆಚ್ಚಿನ ಪಂಪನ್ನೂ ಅಲ್ಲೇ ಕೂಡಿಸ್ರಿ. ಯಾರಿಗೂ ಏನೂ ಆಗಂಗಿಲ್ಲಲ್ಲ."

ಅಧ್ಯಕ್ಷರು ಕಿವಿಯ ಹಿಂದೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡರು.

"ಹಂಗ ಮಾಡ್ಲಿಕ್ಕೆ ಭಾಳ ಖರ್ಚದ ಏನು?"

"ಏನೂ ಇಲ್ರೀ," ಎಂದು ಗೋಡೆಯ ಪಕ್ಕದಿಂದ ನದಾಫ ಅಂದರು. ಅವರನ್ನು ಯಾರೂ ಕೇಳಿರಲಿಲ್ಲ. "ಎರಡು ವಾಲ್ವ್. ನಾನ ತಿರುವತೀನಿ."

"ಮತ್ತ ಆತಲ್ಲ," ಎಂದರು ಅಧ್ಯಕ್ಷರು. "ಮುರನಾಳ, ಒಂದು ತಿಂಗಳು ಹಂಗ ಬಿಟ್ಟು ನೋಡ್ರಿ. ನಿಮ್ಮ ಮಾತು ಸಿದ್ಧ ಆದಂಗನೂ ಆಗ್ತದ. ನಾ ಈಗ ಬರದು ಕೊಡ್ತೀನಿ."

ಮುರನಾಳರು ನಕ್ಕರು. ತಾಂತ್ರಿಕ ತೊಂದರೆಗಳಿವೆ ಎಂದರು. ಯಾವ ತೊಂದರೆ ಎಂದು ಅಧ್ಯಕ್ಷರು ಕೇಳಿದರು. ಮುಂದೆ ನೋಡೋಣ ಎಂದರು. ಇವತ್ತೇ ಯಾಕೆ ಆಗಬಾರದು ಎಂದು ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ನದಾಫ ಎದ್ದು ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟರು.

"ಏ ನದಾಫ, ಮುಟ್ಟಬ್ಯಾಡ ಅದನ್ನ!" ಮುರನಾಳರು ಕುರ್ಚಿ ಹಿಂದೆ ಬೀಳುವಂತೆ ಎದ್ದರು. "ಸರ್, ಅಲ್ಲಿ ಸಣ್ಣ ಹುಡುಗ್ರು ಅದಾವ್ರೀ! ನಮ್ಮ ಮನಿ ಅಡಗಿಮನ್ಯಾಗ ಹುಡುಗ್ರು ಆಡತಿರ್ತಾವ!"

ಬೆಂಗಳೂರಿನ ತಜ್ಞರು ತಮ್ಮ ಚಪ್ಪಲಿ ನೋಡಿಕೊಂಡರು.

ಗೋಡೆಯ ಬುಡದಿಂದ ಕಸ್ತೂರೆವ್ವ ಎದ್ದು ನಿಂತಳು. ಎಡಗೈಯಿಂದ ಸೆರಗು ಸರಿಮಾಡಿಕೊಂಡು, ಜಗಳದ ದನಿಯಲ್ಲಲ್ಲ, ಮರೆತವರಿಗೆ ನೆನಪು ಮಾಡಿಕೊಡುವ ದನಿಯಲ್ಲಿ ಹೇಳಿದಳು: "ನಮ್ಮ ಓಣ್ಯಾಗೂ ಹುಡುಗ್ರು ಅದಾವ್ರೀ ಸಾಹೇಬ್ರ."

ಅಧ್ಯಕ್ಷರು ಪೆನ್ನು ಕೆಳಗಿಟ್ಟು ಮುರನಾಳರನ್ನೇ ನೋಡುತ್ತಾ ಕೇಳಿದರು. "ಈಗ ಹೇಳ್ರಿ. ಹುಣಸೆಹುಳಿಯೋ, ನೀರೋ?"

"ನೀರು," ಎಂದರು ಮುರನಾಳರು. ಕೇಳಿಸಲಿಲ್ಲ ಎಂದು ಅಧ್ಯಕ್ಷರು ಇನ್ನೊಮ್ಮೆ ಹೇಳಿಸಿದರು.

ಆ ಮಧ್ಯಾಹ್ನವೇ ಉಂಗುರ ಬಂದ್ ಆಯಿತು, ಇಡೀ ಊರಿಗೆ. ಕಾಲನಿಯ ಒಲೆಗಳೂ ಆರಿದವು. ಕಂಪನಿಯ ಫೋನುಗಳು ಒಂದೇ ಸಮನೆ ಬಡಿದುಕೊಂಡವು. ನಮ್ಮ ಓಣಿಗಾಗಿ ಸಾಧ್ಯವೇ ಇಲ್ಲದಿದ್ದ ಕೆಲಸಗಳೆಲ್ಲ ಈಗ ಒಂದಾದ ಮೇಲೊಂದು ಸಾಧ್ಯವಾಗತೊಡಗಿದವು. ಎರಡನೇ ಡಿಸ್ಟಿಲರಿಯ ನೀರನ್ನು ತಡೆದರು, ಹೊಸ ಪಾತ್ರೆಗಳಿಗೆ ಹಣ ಸಿಕ್ಕಿತು, ಓಣಿಯ ಬೆಂಡುಗಳನ್ನು ಬಿಚ್ಚಿ ನೋಡಿದರು. ಮೂರು ಮನೆಗಳಲ್ಲಿ ಉಕ್ಕು ಉಗುರಿನಷ್ಟು ತೆಳ್ಳಗಾಗಿತ್ತು. ಒಂದು, ಆ ಎದುರುಮನೆಯವಳದ್ದು. ಮುರನಾಳರನ್ನು ಬೇರೆ ಊರಿಗೆ ವರ್ಗ ಮಾಡಿದರು, ನನ್ನನ್ನು ಕೆಲಸದಿಂದ ತೆಗೆದರು.

ಪೆಟ್ಟಿಗೆ ಕಟ್ಟಿ ಹೊರಟ ದಿನ ಕೆಳಗಿಳಿದು ಬಂದೆ. ಕಸ್ತೂರೆವ್ವ ಮಗ್ಗದ ಕುಣಿಯಲ್ಲಿ ಕೂತು ಎಡಗೈಯಿಂದ ಲಾಳಿ ಎಸೆಯಲು ಕಲಿಯುತ್ತಿದ್ದಳು. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಕಂಪನಿ ಅವಳದೇನೂ ತಪ್ಪಿಲ್ಲವೆಂದು ಒಪ್ಪಿಕೊಂಡಿದೆ, ಇನ್ನಾದರೂ ಮನಸ್ಸು ಹಗುರ ಮಾಡಿಕೋ ಎಂದೆ. ಅವಳು ಲಾಳಿಯನ್ನು ಮಡಿಲಲ್ಲಿಟ್ಟುಕೊಂಡಳು.

"ನಂದ ತಪ್ಪು ಅಂತ ಇಷ್ಟು ದಿನ ಅತ್ತೆ ಬಾಯಾರ. ಓಣಿ ಮಂದಿ ಮುಂದ ತಲಿ ಎತ್ತಲಿಲ್ಲ," ಎಂದಳು. "ನನಗ ಗೊತ್ತಿರಲಿಲ್ಲ. ಆ ಸಾಹೇಬಗ ಗೊತ್ತಿತ್ತಲ್ರೀ. ಗೊತ್ತಿದ್ದೂ ನನ್ನ ಅಳಾಕ ಬಿಟ್ಟ."